ಕೂರುವುದು ಆರೋಗ್ಯಕ್ಕೆ ಹಾನಿಕರ

ಸೂಪರ್‌ವೈಸರ್ ಸ್ಟೂಲುಗಳನ್ನು ಒಂದರ ಮೇಲೊಂದು ಪೇರಿಸಿ ಎದೆಗವಚಿಕೊಂಡು ಹೊರಟಿದ್ದ. ಮೇಲಿನ ಸ್ಟೂಲಿನ ಕಾಲು ಅವನ ಗಲ್ಲಕ್ಕೆ ತಿವಿಯುತ್ತಿತ್ತು. ಪ್ಯಾಕಿಂಗ್ ಮೇಜಿನ ಎರಡೂ ಬದಿಯಲ್ಲಿ ಹೆಂಗಸರು ಕೈಯಲ್ಲಿ ಸೋಪು ಹಿಡಿದುಕೊಂಡೇ ಎದ್ದು ನಿಂತಿದ್ದರು, ದೊಡ್ಡವರು ಯಾರಾದರೂ ಒಳಗೆ ಬಂದಾಗ ನಿಲ್ಲುತ್ತಾರಲ್ಲ, ಹಾಗೆ. ಬಂದವರು ಯಾರೂ ಇರಲಿಲ್ಲ. ಹೋಗುತ್ತಿದ್ದದ್ದು ಸ್ಟೂಲು.

ಅಚ್ಚಿನ ಯಂತ್ರದ ಹಿಂದೆ ತಮ್ಮನ ಕಾಲು ಪೆಡಲಿನ ಮೇಲೆ ಹಾಗೇ ನಿಂತುಬಿಟ್ಟಿತು. ಕತ್ತರಿಸಿದ ಸೋಪನ್ನು ಅಚ್ಚಿನ ಬಾಯಿಗಿಟ್ಟು ಪೆಡಲು ತುಳಿದರೆ ಅದರ ಮೇಲೆ ಕಂಪನಿಯ ಹೂವು ಮೂಡುತ್ತದೆ. ಅವನ ಕೆಲಸ ಅಷ್ಟು. ಹೂವು ಮೂಡಿದ ಸೋಪನ್ನು ಅವನ ಅಕ್ಕ ಮತ್ತು ಉಳಿದ ಹೆಂಗಸರು ಕಾಗದದಲ್ಲಿ ಸುತ್ತಿ, ಅಂಟು ಹಚ್ಚಿ, ಲೇಬಲು ಒತ್ತಿ ಡಬ್ಬಕ್ಕೆ ತುಂಬುತ್ತಾರೆ. ಅಕ್ಕ ಕರೆಯುತ್ತಾಳೆಂದು ಇಡೀ ಕಾರ್ಖಾನೆ ಅವನನ್ನು ತಮ್ಮ ಅನ್ನುತ್ತಿತ್ತು. ಅವನು ಕರೆಯುತ್ತಾನೆಂದು ಅವಳು ಎಲ್ಲರಿಗೂ ಅಕ್ಕ.

ಯಾಕೆ ಒಯ್ಯುತ್ತೀರಿ ಎಂದು ಅವನು ಕೇಳಿದ್ದಕ್ಕೆ ಸೂಪರ್‌ವೈಸರ್ ಮಾತಾಡಲಿಲ್ಲ. ಗಲ್ಲ ಸಿಕ್ಕಿಬಿದ್ದಿದ್ದರಿಂದ ಕಣ್ಣಲ್ಲೇ ಗೋಡೆ ತೋರಿಸಿದ. ಲೇಬಲಿನ ಅಂಟಿನಿಂದಲೇ ಮೆತ್ತಿದ ಒಂದು ಹಾಳೆ ಅಲ್ಲಿತ್ತು, ಇನ್ನೂ ಹಸಿ. ‘ಕೂರುವುದು ಸಿಗರೇಟಿನಷ್ಟೇ ಅಪಾಯ’ ಎಂದು ದಪ್ಪಕ್ಷರದ ತಲೆಬರಹ. ಕೆಳಗೆ ಕಂಪ್ಯೂಟರಿನ ಮುಂದೆ ಟೈ ಕಟ್ಟಿಕೊಂಡವನೊಬ್ಬ ಸೊಂಟ ಹಿಡಿದುಕೊಂಡು ಮುಖ ಕಿವುಚಿದ ಚಿತ್ರ.

ಯಜಮಾನರಿಗೆ ಹೆಂಗಸರು ಇಟ್ಟ ಹೆಸರು ಲೇಖನಪ್ಪ. ಮಾತೆತ್ತಿದರೆ, ಒಂದು ಲೇಖನ ಬಂದಿದೆ ನೋಡಿ. ಟೀ ಹೆಚ್ಚಾದರೆ ಮೂಳೆ ಸವೆಯುತ್ತದೆ ಎಂಬ ಲೇಖನ ಬಂದ ವಾರವೇ ಸಂಜೆಯ ಟೀ ನಿಂತಿತು. ಗಾಳಿ ನೇರ ಬಡಿದರೆ ಕತ್ತು ಹಿಡಿಯುತ್ತದೆ ಎಂಬುದು ಬಂದಾಗ ಪ್ಯಾಕಿಂಗ್ ಕೋಣೆಯ ಫ್ಯಾನು ಬಿಚ್ಚಿಹೋಯಿತು. ಆಮೇಲೆ ಅದು ಯಜಮಾನರ ಕೋಣೆಯಲ್ಲಿ, ಅಲ್ಲಿದ್ದ ಫ್ಯಾನಿನ ಪಕ್ಕದಲ್ಲೇ ತಿರುಗುವುದನ್ನು ಎಲ್ಲರೂ ಕಂಡರು. ಅವರ ಕತ್ತು ಏನೂ ಹಿಡಿಯಲಿಲ್ಲ. ಹಾಡು ಕೇಳುತ್ತಾ ಕೆಲಸ ಮಾಡಿದರೆ ಮೆದುಳು ದಣಿಯುತ್ತದೆಂದು ರೇಡಿಯೋ ಹೋಯಿತು. ಸಂಬಳ ಹೆಚ್ಚಾದರೆ ಆಯಸ್ಸು ಹೆಚ್ಚುತ್ತದೆ ಎಂಬ ಲೇಖನ ಮಾತ್ರ ಇಡೀ ಜಗತ್ತಿನಲ್ಲಿ ಯಾರೂ ಬರೆದಿರಲಿಲ್ಲ. ಬರೆದಿದ್ದರೂ ಅದು ಈ ಮನುಷ್ಯನ ಮೊಬೈಲಿನ ದಾರಿ ಹಿಡಿಯುತ್ತಿರಲಿಲ್ಲ.

ಹೆಂಗಸರಿಗೂ ಅದೇ ಚಾಳಿ ಅಂಟಿತ್ತು. ಊಟದ ಡಬ್ಬಿಗೆ ಯಾರಾದರೂ ಕೈಹಾಕಿದರೆ, ಕಂಡವರ ತುತ್ತು ತಿಂದರೆ ಹಲ್ಲು ಉದುರುತ್ತಂತೆ, ಲೇಖನ ಬಂದಿದೆ ಅನ್ನುವರು. ಗಂಡನ ಬಟ್ಟೆ ಒಗೆಯುವುದರಿಂದ ಕೂದಲು ಬೆಳ್ಳಗಾಗುತ್ತದೆಂಬ ಲೇಖನವನ್ನು ಒಬ್ಬಾಕೆ ಮನೆಯಲ್ಲಿ ಹೇಳಿ ನೋಡಿದ್ದಳಂತೆ. ಗಂಡ ಯಾವ ಪೇಪರು ಎಂದು ಕೇಳಿದನಂತೆ.

ಅವತ್ತೂ ಅಕ್ಕ ನಗಿಸಿದಳು. ಗೋಡೆಯ ಚಿತ್ರ ನೋಡಿ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಇವನ್ಯಾವನೋ ಟೈಯವನಿಗೆ ಸೊಂಟ ನೋವು, ಸ್ಟೂಲು ಹೋಗಿದ್ದು ನಂದು" ಅಂದಳು. ಎಲ್ಲರೂ ನಕ್ಕು ಸೋಪು ಸುತ್ತತೊಡಗಿದರು.

ತಮ್ಮನಿಗೆ ನಗು ಬರಲಿಲ್ಲ. ಅವಳ ಕಾಲು ಅವನು ನೋಡಿದ್ದ. ಮೊಣಕಾಲಿನಿಂದ ಕೆಳಗೆ ನರಗಳು ಗಂಟುಗಂಟಾಗಿ, ನೀಲಿ ಹಗ್ಗವನ್ನು ಚರ್ಮದೊಳಗೆ ತುರುಕಿ ಹೊಲಿದ ಹಾಗೆ ಉಬ್ಬಿದ್ದವು. ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಂತು ನಿಂತು ಬಂದದ್ದು. ಅವನು ಓದು ಬಿಟ್ಟು ಅಂಡಲೆಯುತ್ತಿದ್ದ ವರ್ಷಗಳಲ್ಲಿ ಮನೆಗೆ ಅನ್ನ ಬಂದದ್ದು ಆ ಇಸ್ತ್ರಿ ಪೆಟ್ಟಿಗೆಯಿಂದ. ಕೂತು ಮಾಡುವ ಕೆಲಸ ಹುಡುಕಿಕೊ, ಇಲ್ಲದಿದ್ದರೆ ಆ ನರ ಒಂದು ದಿನ ಒಡೆಯುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ ಅವಳು ಈ ಸೋಪಿನ ಕಾರ್ಖಾನೆಗೆ ಬಂದಿದ್ದಳು. ಬಂದದ್ದೇ ಇಲ್ಲಿ ಸ್ಟೂಲಿದೆ ಎಂದು.

ಊಟದ ಹೊತ್ತಿಗೆ ಅವನು ಯಜಮಾನರ ಕೋಣೆಗೆ ಹೋದ. ನನ್ನ ಹೆಸರು ಎತ್ತಬೇಡ ಎಂದು ಅಕ್ಕ ಮೊದಲೇ ಹೇಳಿದ್ದರಿಂದ, ಕೆಲವರಿಗೆ ಕಾಲಿನ ನರ ಉಬ್ಬಿದೆ, ನಿಲ್ಲಬಾರದು ಎಂದು ಡಾಕ್ಟರು ಹೇಳಿದ್ದಾರೆ ಎಂದಷ್ಟೇ ಹೇಳಿದ. ಯಜಮಾನರು ತಿರುಗುವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಒಂದು ಕಾಲು ಮಡಚಿ ಕುರ್ಚಿಯ ಮೇಲೇ ಇಟ್ಟುಕೊಂಡು ಪೂರ್ತಿ ಕೇಳಿಸಿಕೊಂಡರು. ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ಬಂದಿದ್ದರೆ ಎಷ್ಟೋ ವಾಸಿಯಿತ್ತು.

"ಡಾಕ್ಟರು ಯಾರೋ ಒಬ್ಬರ ಕಾಲು ನೋಡಿ ಹೇಳಿರ್ತಾರೆ. ಇದು ಸಾವಿರಾರು ಜನರನ್ನ ಪರೀಕ್ಷೆ ಮಾಡಿ ಬರೆದಿರೋದು. ಯಾವುದನ್ನ ನಂಬೋಣ, ನೀನೇ ಹೇಳು" ಅಂದರು. ಆಮೇಲೆ, ನಾನು ಹಟಮಾರಿಯಲ್ಲ, ಓದುವ ಮನುಷ್ಯ, ನಿಲ್ಲುವುದು ಕೆಟ್ಟದ್ದು ಅಂತ ಎಲ್ಲಾದರೂ ಬರೆದಿದ್ದರೆ ತಾ, ಖಂಡಿತ ಓದುತ್ತೇನೆ ಎಂದು ನಯವಾಗಿ ಬಾಗಿಲು ತೋರಿಸಿದರು.

ಅಂದು ಸಂಜೆ ಮನೆಯಲ್ಲಿ ಅಕ್ಕ ನೆಲದ ಮೇಲೆ ಮಲಗಿ ಎರಡೂ ಕಾಲನ್ನು ಗೋಡೆಗೆ ಆನಿಸಿಕೊಂಡಿದ್ದಳು. ಒಂದೇ ದಿನಕ್ಕೆ ಹಿಮ್ಮಡಿಯ ಸುತ್ತ ಊತ ಬಂದಿತ್ತು. ತಮ್ಮ ಅಲ್ಲೇ ಕೂತು ಮೊಬೈಲು ತೀಡುತ್ತಿದ್ದ. ಅಕ್ಷರ ಅವನಿಗೆ ಬರುತ್ತಿದ್ದವು, ಆದರೆ ಗುಂಪಾಗಿ ಬರುತ್ತಿರಲಿಲ್ಲ; ಒಂದೊಂದಾಗಿ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದವು. ನಿಲ್ಲುವುದು ಒಳ್ಳೆಯದು, ನಿಂತರೆ ತೂಕ ಇಳಿಯುತ್ತದೆ, ನಿಂತರೆ ಬುದ್ಧಿ ಚುರುಕಾಗುತ್ತದೆ. ಯಾರು ಬರೆಯುತ್ತಾರೆ ಇವನ್ನೆಲ್ಲ, ಕೂತುಕೊಂಡೇ ತಾನೇ ಬರೆಯುವುದು ಎಂದು ಅವನು ಹಲ್ಲು ಕಚ್ಚಿ ಹುಡುಕಿದ. ಕೊನೆಗೆ ಒಂದು ಸಿಕ್ಕಿತು. ಗಂಟೆಗಟ್ಟಲೆ ನಿಂತು ದುಡಿಯುವವರ ಕಾಲಿನ ರಕ್ತನಾಳಗಳು ಊದಿಕೊಳ್ಳುತ್ತವೆ, ಕೆಲಸದ ಜಾಗದಲ್ಲಿ ಅವರಿಗೆ ಕೂರಲು ಆಸನ ಕೊಡಬೇಕು. ಅವನು ತುಟಿ ಆಡಿಸುತ್ತಾ ಎರಡು ಸಲ ಓದಿದ. ಅದೇ ಸಾಲು. ಬೇಕಿದ್ದ ಸಾಲು.

"ಸಿಕ್ತು ಅಕ್ಕ. ನಾಳೆ ಅವನ ಮೂತಿಗೇ ಅಂಟಿಸ್ತೀನಿ."

"ಬೇಡ ಕಣೋ. ಎರಡು ದಿನ ನೋವಿರತ್ತೆ, ಆಮೇಲೆ ಒಗ್ಗತ್ತೆ" ಅಂದಳು ಅಕ್ಕ. ಅವನು ಕೇಳುವವನಲ್ಲ ಎಂದು ಗೊತ್ತಾದ ಮೇಲೆ, "ಪೂರ್ತಿ ಓದಿದ್ಯಾ?" ಎಂದು ಕೇಳಿದಳು.

ಬೇಕಾದಷ್ಟು ಓದಿದ್ದೇನೆ ಎಂದ.

ಬೆಳಿಗ್ಗೆ ಬಸ್ ನಿಲ್ದಾಣದ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಪ್ರಿಂಟು ಹಾಕಿಸಿದ. ಎರಡು ಹಾಳೆ ಬಂತು. ಎರಡನ್ನೂ ಪಿನ್ನು ಹೊಡೆದು, ಟೈಯವನ ಚಿತ್ರದ ಪಕ್ಕಕ್ಕೆ, ಬ್ರಶ್ಶಿನ ತುಂಬ ಅಂಟು ಬಳಿದು ಒತ್ತಿದ. ಹೆಂಗಸರು ಸುತ್ತ ಸೇರಿದರು. ಅವರಲ್ಲಿ ಸರಾಗವಾಗಿ ಓದಬಲ್ಲ ಒಬ್ಬಳು ಮೇಲಿನ ಹಾಳೆಯನ್ನು ಗಟ್ಟಿಯಾಗಿ ಓದಿದಳು. ಆಸನ ಕೊಡಬೇಕು ಎಂಬಲ್ಲಿಗೆ ಬಂದಾಗ ಇನ್ನೊಬ್ಬಳು, ಇನ್ನೊಂದು ಸಲ ಓದೇ ಅಂದಳು. ಇಷ್ಟು ದಿನ ಅವರ ಮೇಲೆ ಬೀಳುತ್ತಿದ್ದ ಕಲ್ಲು ಇವತ್ತು ಅವರ ಕೈಗೆ ಬಂದ ಹಾಗಿತ್ತು. ತಮ್ಮ ಯಂತ್ರಕ್ಕೆ ವಾಪಸಾಗಿ ಪೆಡಲು ತುಳಿದ ರಭಸಕ್ಕೆ ಒಂದೆರಡು ಸೋಪು ಬಿರುಕುಬಿಟ್ಟವು.

ಯಜಮಾನರು ಬಂದರು. ಕನ್ನಡಕ ಹಾಕಿಕೊಂಡು, ಕೈ ಹಿಂದೆ ಕಟ್ಟಿ, ಅವಸರವಿಲ್ಲದೆ ಓದಿದರು. ಮೊದಲ ಹಾಳೆ ಮುಗಿಯಿತು. ಮುಗಿದ ಮೇಲೆ ಅವರು ಅದನ್ನು ಬೆರಳಿನಿಂದ ಮೇಲಕ್ಕೆತ್ತಿ ಎರಡನೆಯದಕ್ಕೆ ಹೋದರು.  ಆ ಹಾಳೆಯಲ್ಲಿ ಏನಿದೆ ಎಂಬುದು ತಮ್ಮನಿಗೆ ಗೊತ್ತಿರಲಿಲ್ಲ.

"ಒಳ್ಳೇ ಲೇಖನ" ಅಂದರು ಯಜಮಾನರು. ಸೂಪರ್‌ವೈಸರಿಗೆ ಯಂತ್ರ ನಿಲ್ಲಿಸಲು ಹೇಳಿ, ಎಲ್ಲರೂ ಕೇಳಲಿ ಎಂದು ತಿರುಗಿ ನಿಂತು ಓದಿದರು. "‘ಈಗಾಗಲೇ ರಕ್ತನಾಳ ಊದಿಕೊಂಡಿರುವವರನ್ನು ನಿಂತು ಮಾಡುವ ಕೆಲಸಕ್ಕೆ ಇಟ್ಟುಕೊಳ್ಳಬಾರದು.’ ನಾನಲ್ಲ ಹೇಳ್ತಿರೋದು. ತಮ್ಮನೇ ತಂದಿರೋ ಲೇಖನ."

 ಯಜಮಾನರ ದನಿಯಲ್ಲಿ ಕಾಳಜಿ ಉಕ್ಕಿ ಹರಿಯಿತು. ಗೊತ್ತಿದ್ದೂ ಅಂಥವರನ್ನು ನಿಲ್ಲಿಸಿ ಕೆಲಸ ಮಾಡಿಸಿದರೆ ನಾಳೆ ಏನಾದರೂ ಆದಾಗ ಪಾಪ ಯಾರ ತಲೆಗೆ ಎಂದು ಕೇಳಿದರು. ಅಂಥ ಕಾಲು ಇರುವವರು ಹೇಳಲಿ, ಇವತ್ತಿನವರೆಗಿನ ಲೆಕ್ಕ ಚುಕ್ತಾ ಮಾಡಿ ಗೌರವದಿಂದ ಕಳಿಸುತ್ತೇನೆ ಅಂದರು. ಸ್ಟೂಲಿನ ಮಾತು ಮೊದಲ ಹಾಳೆಯಲ್ಲಿತ್ತು. ಅವರು ಮೊದಲ ಹಾಳೆ ದಾಟಿ ಮುಂದೆ ಬಂದಾಗಿತ್ತು.

ಮೇಜಿನ ಕೆಳಗೆ ಸದ್ದಿಲ್ಲದೆ ಒಂದು ಕೆಲಸ ನಡೆಯಿತು. ನೆಲದ ಸೋಪಿನ ಪುಡಿ ತಾಗಬಾರದೆಂದು ಎತ್ತಿ ಸಿಕ್ಕಿಸಿದ್ದ ಸೀರೆಯ ಅಂಚುಗಳನ್ನು ಹೆಂಗಸರು ಒಬ್ಬೊಬ್ಬರಾಗಿ ಕಾಲು ಮುಚ್ಚುವಂತೆ ಇಳಿಬಿಟ್ಟರು. ಯಾರೂ ಅಕ್ಕನ ಕಡೆ ನೋಡಲಿಲ್ಲ. ಅಷ್ಟು ಜನ ಅಷ್ಟು ಜೋಪಾನವಾಗಿ ಒಬ್ಬಳನ್ನು ನೋಡದಿದ್ದರೆ ಕುರುಡನಿಗೂ ಗೊತ್ತಾಗುತ್ತದೆ.

"ಅಕ್ಕಾ, ನಿಮ್ಮ ಕಾಲು ಹೇಗಿದೆ?" ಯಜಮಾನರು ಕೇಳಿದರು.

"ಚೆನ್ನಾಗಿದೆ ಸರ್. ಓಡೋಕೂ ಬರತ್ತೆ, ಒದೆಯೋಕೂ ಬರತ್ತೆ."

ಯಾರೋ ನಗಲು ಹೋಗಿ ಕೆಮ್ಮಿದರು. ಯಜಮಾನರೂ ನಕ್ಕರು. ಹಾಗಾದರೆ ನರ ಉಬ್ಬಿದೆ ಎಂದು ತಮ್ಮ ನನ್ನ ಕೋಣೆಗೆ ಬಂದು ಹೇಳಿದ್ದು ಯಾರದ್ದು ಎಂದು ಅವನ ಕಡೆ ತಿರುಗಿದರು.

ಅಚ್ಚು ಸರಿಪಡಿಸುವ ಸುತ್ತಿಗೆ ಅವನ ಕೈಗೆ ಎಟಕುವಷ್ಟರಲ್ಲೇ ಇತ್ತು. ಅದನ್ನು ಅವನು ಮುಟ್ಟಲಿಲ್ಲ, ನೋಡಿದ ಅಷ್ಟೇ. ನೀನು ಹೇಳಿದ್ದು ನಿಜ, ನಾನು ತಂದದ್ದು ನಿಜ, ಅದರಲ್ಲಿ ಬರೆದದ್ದೂ ನಿಜ. ಇಷ್ಟೆಲ್ಲ ನಿಜ ಸೇರಿಕೊಂಡು ಒಬ್ಬ ಹೆಂಗಸಿನ ಕಾಲು ಹಿಡಿದು ಎಳೆಯುತ್ತಿದೆಯಲ್ಲ, ಇದ್ಯಾವ ನ್ಯಾಯ ಎಂದು ಕೂಗಬೇಕೆನಿಸಿತು. ಅಕ್ಕ ಅವನನ್ನೇ ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ನೆಂಟರ ಮನೆಯಲ್ಲಿ ಅವನು ಇನ್ನೂ ಹಸಿವು ಎಂದು ಬಾಯಿ ತೆರೆಯುವ ಮೊದಲೇ ತಡೆಯುತ್ತಿದ್ದ ನೋಟ.

"ಯಾರದ್ದೂ ಇಲ್ಲ" ಅಂದ.

"ನಿಮ್ಮಕ್ಕನ ಕಾಲು?"

"ಚೆನ್ನಾಗಿದೆ."

"ಯಂತ್ರದ ಸದ್ದಿಗೆ ನನಗೆ ಕಿವಿ ಮಂದ ಆಗಿದೆ ಕಣಪ್ಪ."

ಯಂತ್ರ ನಿಂತಿತ್ತು.

"ಚೆನ್ನಾಗಿದೆ ಅಂದೆ."

ಹಾಗಿದ್ದ ಮೇಲೆ ಈ ಲೇಖನಕ್ಕೆ ಇಲ್ಲಿ ಕೆಲಸವಿಲ್ಲ, ತೆಗೆದುಬಿಡು ಎಂದು ಯಜಮಾನರು ಹೋದರು. ತಮ್ಮ ಉಗುರಿನಿಂದ ಕೆರೆದು ಕಿತ್ತ. ಲೇಬಲಿನ ಅಂಟು ಗಟ್ಟಿ. ನೀರಲ್ಲಿ ಅದ್ದಿದರೂ ಬಿಡುವುದಿಲ್ಲ ಎಂದು ಕಂಪನಿಗೆ ಹೆಮ್ಮೆ. ಹಾಳೆ ಸಿಪ್ಪೆಸಿಪ್ಪೆಯಾಗಿ ಬಂತು, ಉಗುರಿನ ಸಂದಿಯಲ್ಲಿ ರಕ್ತ ಜಿನುಗಿತು. ಸೂಪರ್‌ವೈಸರ್ ಒಂದು ತಗಡಿನ ತುಂಡು ತಂದುಕೊಟ್ಟ. ಅವನು ತೆಗೆದುಕೊಳ್ಳಲಿಲ್ಲ.

ಆ ದಿನ ಪೂರ್ತಿ ಅಕ್ಕ ನಿಂತಳು. ಉಳಿದವರು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದರು, ಮೇಜಿಗೆ ಸೊಂಟ ಆನಿಸುತ್ತಿದ್ದರು. ಅವಳು ಅದನ್ನೂ ಮಾಡಲಿಲ್ಲ. ಯಜಮಾನರು ಆಗಾಗ ಬಾಗಿಲಿಗೆ ಬಂದು, ಸುಮ್ಮನೆ ಬಂದವರ ಹಾಗೆ ನಿಂತು ಹೋಗುತ್ತಿದ್ದರು. ಆಗೆಲ್ಲ ಅವಳು ಪಕ್ಕದವಳಿಗೆ ಏನಾದರೂ ಹೇಳಿ ನಗಿಸುತ್ತಿದ್ದಳು. ತಮ್ಮನಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಕುತ್ತಿಗೆಯ ಹಿಂದೆ ಬೆವರು ಇಳಿಯುವುದು ಕಾಣುತ್ತಿತ್ತು.

ಕೆಲಸ ಬಿಟ್ಟ ಮೇಲೆ ಇಬ್ಬರೂ ನಿಲ್ದಾಣಕ್ಕೆ ನಡೆದರು. ಬಸ್ಸು ಬಂತು, ತುಂಬಿತ್ತು. ಹಿಂದಿನ ಬಾಗಿಲಿನಿಂದ ಹತ್ತಿ ಮೇಲಿನ ಕಂಬಿ ಹಿಡಿದು ನಿಂತರು. ಸ್ವಲ್ಪ ದೂರ ಹೋದ ಮೇಲೆ ಅಕ್ಕ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

"ಇನ್ನೊಂದು ಹಾಳೆ ಇದ್ದಿದ್ದು ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಕಂಬಿಯ ಮೇಲೆ ಕೈ ಬದಲಿಸಿದಳು.

ಮುಂದಿನ ನಿಲ್ದಾಣದಲ್ಲಿ ಅವರ ಪಕ್ಕದ ಸೀಟಿನ ಮುದುಕ ಎದ್ದು ಇಳಿದ. ಅಕ್ಕನ ಕೈ ಕಂಬಿಯಿಂದ ಜಾರಿತು. ಕೂರಲು ಅರ್ಧ ಬಾಗಿದವಳು ಹಾಗೇ ನಿಂತಳು. ಸೀಟಿನ ಆಚೆಗೆ, ಅದೇ ಕಂಬಿ ಹಿಡಿದು ಸೂಪರ್‌ವೈಸರ್ ನಿಂತಿದ್ದ. ಅವನೂ ಇದೇ ಬಸ್ಸಿನವನು.

"ಕೂತ್ಕೊಳ್ಳಮ್ಮ. ಇಲ್ಲಿ ಯಾರಿದಾರೆ" ಅಂದ ಅವನು, ಮೆಲ್ಲಗೆ.

"ಬೇಡ ಸರ್. ಆರಾಮಾಗಿದೀನಿ" ಎಂದು ಅಕ್ಕ ನೆಟ್ಟಗಾಗಿ ಕಂಬಿ ಹಿಡಿದಳು.

ಸೂಪರ್‌ವೈಸರ್ ತಮ್ಮನ ಮುಖ ನೋಡಿದ, ಆಮೇಲೆ ತನ್ನ ಚಪ್ಪಲಿ ನೋಡಿಕೊಂಡ. ಅವನೂ ಕೂರಲಿಲ್ಲ. ಬಸ್ಸು ತಿರುವಿನಲ್ಲಿ ವಾಲಿದಾಗ ಮೂವರೂ ಒಟ್ಟಿಗೆ ವಾಲಿ ಒಟ್ಟಿಗೆ ಸರಿಯಾದರು. ಮುಂದೆ ಒಂದಷ್ಟು ಜನ ಹತ್ತಿದರು. ಕೈಚೀಲ ಹಿಡಿದ ಹೆಂಗಸೊಬ್ಬಳು ಖಾಲಿ ಸೀಟು ಕಂಡು ಜನರ ನಡುವೆ ನುಸುಳಿಕೊಂಡು ಬಂದಳು. ಬಂದವಳು ಸೀಟಿನ ಸುತ್ತ ನಿಂತ ಮೂವರನ್ನು ನೋಡಿ ಅನುಮಾನಪಟ್ಟು, ಏನಾದರೂ ಚೆಲ್ಲಿದೆಯೋ ಎಂದು ಬಗ್ಗಿ ಅಂಗೈಯಿಂದ ಅದನ್ನು ಸವರಿ ನೋಡಿದಳು. ಒಣಗಿಯೇ ಇತ್ತು. ಮತ್ತೊಮ್ಮೆ ಮೂವರ ಮುಖ ನೋಡಿದಳು. ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಚೀಲ ಎದೆಗೆ ಒತ್ತಿಕೊಂಡು, ಮುಂದೆ ಹೋಗಿ ನಿಂತುಕೊಂಡಳು.