ಹಳದಿ ಗೆರೆಯೊಳಗಿನ ಜಾಗ

ಆ ಕಟ್ಟಡದಲ್ಲಿ ಮನೆಗಳು ಹೆಚ್ಚು, ಗಾಡಿ ನಿಲ್ಲಿಸುವ ಜಾಗ ಕಡಿಮೆ. ಕೆಳಗಿನ ಅಂಗಳದಲ್ಲಿ ಹಳದಿ ಗೆರೆ ಎಳೆದು ಚೌಕಗಳನ್ನು ಮಾಡಿದ್ದರು. ಚೌಕ ಸಿಕ್ಕವರು ಪುಣ್ಯವಂತರು, ಸಿಗದವರು ಕಳ್ಳರು. ಯಾರ ಚೌಕ ಅವರಿಗೇ ಎಂಬ ನಿಯಮವನ್ನು ಸೆಕ್ರೆಟರಿ ಅಂಕಲ್ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದರು. ಮಾರನೆಯ ದಿನವೇ ಅವರ ಅಳಿಯ ಪಕ್ಕದವರ ಚೌಕದಲ್ಲಿ ಕಾರು ನಿಲ್ಲಿಸಿ ಮಾವನ ಮನೆಯಲ್ಲಿ ಉಂಡು ಮಲಗಿದ್ದ.

ಮೂರನೇ ಮಹಡಿಯಲ್ಲಿ ಅವಳು, ಗಂಡ, ಅತ್ತೆ. ಮನೆಯ ಕಿಟಕಿಯ ಕೆಳಗೇ ಅವರ ಚೌಕ. ಗಂಡನಿಗೆ ಇದ್ದದ್ದು ಒಂದು ಸ್ಕೂಟರು. ಮೂಲೆಯಲ್ಲಿ ಸ್ಕೂಟರು, ಮಿಕ್ಕದ್ದು ಖಾಲಿ. ಅದರ ಮೇಲೆ ನೆಲಮಹಡಿಯ ಡ್ರೈವಿಂಗ್ ಮೇಷ್ಟ್ರ ಕಣ್ಣು. ಊರಿಗೆಲ್ಲ ಕಾರು ಕಲಿಸುವ ಮನುಷ್ಯ, ತನ್ನ ಕಾರು ನಿಲ್ಲಿಸಲು ಜಾಗವಿಲ್ಲ. ಸಂಜೆಯಾದರೆ ತಲೆಯ ಮೇಲೆ ಬೋರ್ಡು ಹೊತ್ತ ಆ ಕಾರು ಮೆಲ್ಲಗೆ ಬಂದು ಸ್ಕೂಟರಿನ ಪಕ್ಕ ನುಸುಳುತ್ತಿತ್ತು. ಗಂಡ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪೊಂದನ್ನು ಕಿಟಕಿಯಿಂದ ಕೆಳಕ್ಕೆ ಬಿಡುತ್ತಿದ್ದ. ಕಾರಿನ ನೆತ್ತಿಯ ಮೇಲೆ ಟಣ್ ಎಂದು ಸದ್ದು.

“ಮೇಷ್ಟ್ರೇ, ಅದೇನು ನಿಮ್ಮಪ್ಪನ ಜಾಗಾನಾ?”

“ನಮ್ಮಪ್ಪಂದಾಗಿದ್ರೆ ನಿಮಗೇ ಬಾಡಿಗೆಗೆ ಕೊಡ್ತಿದ್ದೆ ಕಣ್ರೀ! ನಿಮ್ಮ ಸ್ಕೂಟರೇನು ಕಾಲು ಚಾಚ್ಕೊಂಡು ಮಲಗುತ್ತಾ?”

“ಮಲಗ್ಲಿ ಬಿಡ್ರಿ. ಅದರ ಮನೆ, ಅದರ ಇಷ್ಟ!”

ಕಿಟಕಿಗಳೆಲ್ಲ ತೆರೆದುಕೊಳ್ಳುತ್ತಿದ್ದವು. ಎದುರುಮನೆಯಾಕೆ ಒಲೆಯ ಮೇಲೆ ಹಾಲಿಟ್ಟು ಬಂದು ನೋಡುತ್ತಿದ್ದಳು. ಕಾರು ಅಲ್ಲೇ ಇರುತ್ತಿತ್ತು. ವಾರದ ಕೊನೆಯಲ್ಲಿ ಮೇಷ್ಟ್ರು ಬಿದ್ದ ಕ್ಲಿಪ್ಪುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಮೇಲೆ ಬಂದು, “ತಗೊಳ್ಳಿ, ನಿಮ್ಮ ಮದ್ದುಗುಂಡು” ಎಂದು ಕೊಟ್ಟು, ಟೀ ಕುಡಿದು ಹೋಗುತ್ತಿದ್ದರು.

ಗಂಡ ತೀರಿಹೋದ ಮೇಲೆ ಸ್ಕೂಟರನ್ನು ಮೈದುನ ತೆಗೆದುಕೊಂಡು ಹೋದ. ಚೌಕ ಪೂರ್ತಿ ಖಾಲಿಯಾಯಿತು. ಖಾಲಿಯಾಗಿಯೇ ಉಳಿಯಿತು.

ಅಲ್ಲಿ ಯಾರೂ ಏನೂ ನಿಲ್ಲಿಸಲಿಲ್ಲ. ಮಕ್ಕಳ ಚೆಂಡು ಉರುಳಿಕೊಂಡು ಹೋದರೆ ತಾಯಂದಿರು ಗದರಿಸಿ, ತಾವೇ ಹೋಗಿ ತುದಿಗಾಲಲ್ಲಿ ಎತ್ತಿ ತರುತ್ತಿದ್ದರು. ಮೇಷ್ಟ್ರ ಕಾರು ದೊಡ್ಡ ರಸ್ತೆಯ ಬದಿಗೆ ಹೋಯಿತು. ಹೋಗಿಬರುವ ಲಾರಿಗಳು ಅದರ ಕನ್ನಡಿಯನ್ನು ಎರಡು ಸಲ ಮುರಿದವು.

ದಿನಾ ಬೆಳಿಗ್ಗೆ ಕಿಟಕಿ ತೆಗೆದರೆ ಅವಳ ಕಣ್ಣಿಗೆ ಬೀಳುತ್ತಿದ್ದದ್ದು ಆ ಖಾಲಿ ಚೌಕವೇ. ಮನೆಯೊಳಗಿನ ಖಾಲಿಗೆ ಅವಳು ಹೇಗೋ ಹೊಂದಿಕೊಂಡಿದ್ದಳು. ಅವನ ಅಂಗಿಗಳನ್ನು ಕೊಟ್ಟಾಗಿತ್ತು, ಮಂಚದ ನಡುವೆ ಮಲಗುವುದು ಅಭ್ಯಾಸವಾಗಿತ್ತು. ಇದೊಂದು ಮಾತ್ರ ಆಗುತ್ತಿರಲಿಲ್ಲ. ಯಾರಾದರೂ ಒಂದು ಮುರುಕು ಸೈಕಲ್ಲಾದರೂ ತಂದು ನಿಲ್ಲಿಸಬಾರದೇ ಅನ್ನಿಸುತ್ತಿತ್ತು. ಬಾಯಿಬಿಟ್ಟು ಕೇಳಿಯೂ ನೋಡಿದಳು.

“ಛೇ ಛೇ, ಏನಮ್ಮಾ ನೀನು,” ಎಂದರು ಸೆಕ್ರೆಟರಿ ಅಂಕಲ್. “ಅದು ನಿಮ್ಮನೆಯವರ ಜಾಗ. ನಾವೆಲ್ಲ ಇದ್ದೀವಲ್ಲ. ಯಾರೂ ಮುಟ್ಟಲ್ಲ.”

ಇರುವುದೇನೋ ಇದ್ದರು. ಮಾರು ದೂರದಲ್ಲಿ, ದನಿ ತಗ್ಗಿಸಿಕೊಂಡು ಇದ್ದರು.

ಆಮೇಲೆ ಅವಳೇ ನಿಯಮ ಮುರಿಯಲು ಶುರುಮಾಡಿದಳು. ತಾರಸಿಯ ಹಗ್ಗ ಎದುರುಮನೆಯಾಕೆಯ ಪಾಲಿಗಿರುವ ದಿನ ತನ್ನ ಒದ್ದೆ ಹೊದಿಕೆಯನ್ನು ಉದ್ದಕ್ಕೂ ಹರವಿ ಬಂದಳು. ಮೊದಲಾಗಿದ್ದರೆ ಆಕೆ ಅದನ್ನು ಕಿತ್ತು ಗೋಡೆಯ ಮೇಲೆ ಎಸೆದು, ಮೆಟ್ಟಿಲು ತುಂಬ ಕೂಗಿಕೊಂಡು ಇಳಿಯುತ್ತಿದ್ದಳು. ಈಗ ಸಂಜೆ ಅವಳು ಬಂದು ನೋಡಿದರೆ, ಹೊದಿಕೆ ಒಣಗಿ ಮಡಚಿಸಿಕೊಂಡು ಬಾಗಿಲ ಮುಂದೆ ಕೂತಿತ್ತು. ಕಸದ ಬುಟ್ಟಿಯನ್ನು ಮೆಟ್ಟಿಲ ಮೇಲೇ ಬಿಟ್ಟಳು. ಯಾರೋ ಸದ್ದಿಲ್ಲದೆ ಖಾಲಿ ಮಾಡಿ, ತೊಳೆದು ಇಟ್ಟರು. ತೊಳೆದಿದ್ದು ಕಂಡು ಅವಳಿಗೆ ಅಳು ಬರುವಂತಾಯಿತು, ಬರಲಿಲ್ಲ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಏನೇ, ಬೇಕಂತ್ಲೇ ಮಾಡ್ತಿದ್ದೀಯಾ?”

“ಹೂಂ.”

“ಯಾರಾದ್ರೂ ಬೈದ್ರಾ?”

“ಇಲ್ಲ ಅತ್ತೆ.”

“ನನಗೂ ಬೈಯಲ್ಲ ಕಣೆ. ಮೊನ್ನೆ ಲಿಫ್ಟಿನ ಬಾಗಿಲು ತೆಗೆದೇ ಬಿಟ್ಟು ಬಂದೆ. ಅಷ್ಟು ಜನ ಮೆಟ್ಟಿಲು ಹತ್ತಿದ್ರು, ಒಬ್ಬನಾದ್ರೂ ‘ಮುದುಕಿಗೆ ಬುದ್ಧಿ ಬೇಡ್ವಾ’ ಅಂತಾನೇನೋ ಅಂತ ಕಿವಿಗೊಟ್ಟು ಕೂತಿದ್ದೆ.” ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡರು. “ಪಾಪ ಅಂತಾರೆ. ಪಾಪ ಅನ್ನಿಸ್ಕೊಂಡು ಎಷ್ಟು ದಿನ ಬದುಕೋದು?”

ಅವಳು ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವವಳು. ಜನ ಎರಡನೇ ಮಾತಿಲ್ಲದೆ ಹೇಳಿದಂತೆ ಕೇಳುವ ಜಾಗ ಅದೊಂದೇ. ಹೊರಗೆ ಸರದಿ ಮುರಿದು, ಕಾವಲುಗಾರನನ್ನು ತಳ್ಳಿಕೊಂಡು ಬಂದವರೂ ಒಳಗೆ ಆ ತಣ್ಣನೆಯ ಹಲಗೆಗೆ ಎದೆ ಒತ್ತಿ ಮಕ್ಕಳಂತೆ ನಿಲ್ಲುತ್ತಾರೆ. ಎದೆ ಮುಂದೆ, ಭುಜ ಮುಂದೆ, ಗಲ್ಲ ಮೇಲೆ. ಉಸಿರು ಎಳೆದು ಹಿಡ್ಕೊಳ್ಳಿ. ಹಾಂ, ಬಿಡಿ. ದಿನವಿಡೀ ಇದೇ ಮಂತ್ರ. ನಾಲಿಗೆ ತಾನಾಗಿ ಹೇಳುತ್ತದೆ, ಮನಸ್ಸು ಎಲ್ಲೋ ಇರುತ್ತದೆ.

ಒಂದು ದಿನ ನಾಲಿಗೆಯೂ ಕೈಕೊಟ್ಟಿತು. ವಯಸ್ಸಾದ ಬಡಗಿಯೊಬ್ಬ ನಿಂತಿದ್ದ. “ಹಿಡ್ಕೊಳ್ಳಿ” ಎಂದಳು, ಗುಂಡಿ ಒತ್ತಿದಳು, ಚಿತ್ರ ಬಂತು. ಅದನ್ನು ನೋಡುತ್ತ ಕೂತಳು. ಬಿಡಿ ಎನ್ನುವುದು ಮರೆತೇಹೋಯಿತು. ತಲೆ ಎತ್ತಿದಾಗ ಗಾಜಿನಾಚೆ ಬಡಗಿಯ ಕುತ್ತಿಗೆಯ ನರ ಉಬ್ಬಿ, ಮುಖ ಕೆಂಪಗಾಗಿತ್ತು. ಅವಳು ಎದ್ದುಬಿದ್ದು ಓಡಿದಳು.

“ಬಿಡಿ! ಬಿಡಿ ಅಜ್ಜಾ!”

ಮುದುಕ ಬುಸ್ಸೆಂದು ಉಸಿರು ಬಿಟ್ಟು, ಕೆಮ್ಮಿ, ಹಲಗೆಗೆ ಆತುಕೊಂಡ.

“ಅಲ್ಲಾ ಅಜ್ಜಾ, ಕಷ್ಟ ಆದ್ರೆ ನೀವೇ ಬಿಡಬಾರ್ದಾ?”

“ನೀನು ಹೇಳ್ಲೇ ಇಲ್ವಲ್ಲ ತಾಯಿ,” ಎಂದ ಬಡಗಿ. “ಹಿಡ್ಕೋ ಅಂದೋಳು ನೀನು. ಬಿಡು ಅನ್ನೋದೂ ನೀನೇ ಅಲ್ವಾ?”

ಅವಳು ಅವನಿಗೆ ನೀರು ಕೊಟ್ಟಳು. ಸಂಜೆ ಬಸ್ಸಿನಲ್ಲಿ ಬರುವಾಗಲೂ ಆ ಕೆಂಪು ಮುಖ ಕಣ್ಣೆದುರಿತ್ತು.

ಬಸ್ಸಿಳಿದಾಗ ಮೇಷ್ಟ್ರು ದೊಡ್ಡ ರಸ್ತೆಯ ಬದಿಯಲ್ಲಿ ಕಾರಿನ ಕನ್ನಡಿಯನ್ನು ಒಳಕ್ಕೆ ಮಡಚುತ್ತಿದ್ದರು. ಅವಳನ್ನು ಕಂಡು ಎಲ್ಲರಂತೆ ದನಿ ತಗ್ಗಿಸಿದರು. “ಏನಮ್ಮಾ, ಈಗ ಬಂದ್ರಾ?”

“ಮೇಷ್ಟ್ರೇ, ಕಾರು ಒಳಗೆ ತಂದು ನಿಲ್ಲಿಸಿ.”

“ಬೇಡಮ್ಮಾ. ಇಲ್ಲೇ ಇರ್ಲಿ.”

“ಯಾಕೆ? ಮೊದಲು ದಿನಾ ನಿಲ್ಲಿಸ್ತಿದ್ರಲ್ಲ.”

ಮೇಷ್ಟ್ರು ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತರು. “ಮೊದಲು ಮೇಲಿಂದ ಕೇಳೋರಿದ್ರು. ಅವರು ಕೂಗೋರು, ನಾನೂ ಕೂಗ್ತಿದ್ದೆ, ಲೆಕ್ಕ ಸರಿಹೋಗ್ತಿತ್ತು. ಕೇಳೋರಿಲ್ಲದ ಜಾಗಕ್ಕೆ ನುಗ್ಗಿದ್ರೆ ಅದು ಬರೀ ಕಳ್ಳತನ ಕಣಮ್ಮಾ.”

“ಕೇಳೋರಿಲ್ಲ ಅಂತ ಯಾರು ಹೇಳಿದ್ದು?”

ಅವರು ಅವಳ ಮುಖ ನೋಡಿದರು. ಅವಳಿಗೆ ಹೆಚ್ಚು ಮಾತಾಡುವ ಶಕ್ತಿ ಇರಲಿಲ್ಲ. ಚೀಲವನ್ನು ಇನ್ನೊಂದು ಭುಜಕ್ಕೆ ಬದಲಿಸಿಕೊಂಡು ಮೆಟ್ಟಿಲು ಹತ್ತಿದಳು.

ಬೆಳಿಗ್ಗೆ ಕಿಟಕಿ ತೆಗೆದಳು. ಚೌಕದಲ್ಲಿ ಕಾರು ಇತ್ತು. ಸೊಟ್ಟಗೆ ನಿಂತಿತ್ತು, ಒಂದು ಚಕ್ರ ಹಳದಿ ಗೆರೆಯ ಮೇಲೆ. ಮೇಷ್ಟ್ರು ಬಾನೆಟ್ಟಿನ ಮೇಲೆ ಬಟ್ಟೆಯಾಡಿಸುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು. ಮೇಲೆ ನೋಡಲಿಲ್ಲ.

ಅವಳು ಬಾಯಿ ತೆರೆದಳು. ದನಿ ಹೊರಡಲಿಲ್ಲ.

ಹಿಂದಿನಿಂದ ಅತ್ತೆ ಬಂದು ಕ್ಲಿಪ್ಪಿನ ಡಬ್ಬವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. “ಹಾಕೇ. ಕೈಯಾಡಿದ್ರೆ ಬಾಯೂ ಆಡುತ್ತೆ.”

ಮೊದಲನೆಯದು ಗುರಿ ತಪ್ಪಿ ನೆಲಕ್ಕೆ ಬಿತ್ತು. ಅತ್ತೆ ಲೊಚಗುಟ್ಟಿ ಇನ್ನೊಂದನ್ನು ಕೈಗಿತ್ತರು. ಟಣ್.

“ಯಾರ್ರೀ ಅದು?” ಕೆಳಗಿನಿಂದ ದನಿ ಗಟ್ಟಿಯಾಗಿಯೇ ಬಂತು, ಕೊನೆಯಲ್ಲಿ ಸ್ವಲ್ಪ ನಡುಗಿತು. “ಕಾರಿನ ಬಣ್ಣ ಏನು ನಿಮ್ಮಪ್ಪ ಹೊಡೆಸ್ತಾನಾ?”

“ಗೆರೆ ಕಾಣಲ್ವಾ ಮೇಷ್ಟ್ರೇ?” ಅವಳ ಗಂಟಲು ತುಕ್ಕು ಹಿಡಿದ ಕೀಲಿನಂತೆ ಕಿರುಗುಟ್ಟಿತು. “ನೀವೇ ಹೀಗೆ ಸೊಟ್ಟಗೆ ನಿಲ್ಲಿಸಿದ್ರೆ, ನಿಮ್ಮ ಹತ್ರ ಕಲಿಯೋರ ಗತಿ ಏನು?”

ಕಿಟಕಿಗಳು ಒಂದೊಂದಾಗಿ ತೆರೆದವು. ಆಮೇಲೆ ಎದುರುಮನೆಯಾಕೆ ಕತ್ತು ಹೊರಹಾಕಿ, “ಬೆಳಗಾಗೋದೇ ತಡ, ಏನ್ರೀ ನಿಮ್ಮನೆ ಗಲಾಟೆ! ಮಗು ಎದ್ದುಬಿಡ್ತು” ಎಂದಳು. ಅಂದವಳೇ ಗಾಬರಿಯಿಂದ ಬಾಯಿ ಮುಚ್ಚಿಕೊಂಡಳು.

“ತಪ್ಪಾಯ್ತು,” ಎಂದಳು ಅವಳು. “ಇವತ್ತು ಹಗ್ಗವೂ ನನಗೇ ಬೇಕು.”

“ಕೊಡಲ್ಲ ಹೋಗ್ರೀ! ಇವತ್ತು ನನ್ನ ಸರದಿ.”

ಅವಳು ಕಿಟಕಿ ಮುಚ್ಚಲಿಲ್ಲ. ಬಸ್ಸಿನ ಹೊತ್ತಾಗಿತ್ತು. ಆಯಾಸ ಎಲ್ಲೂ ಹೋಗಿರಲಿಲ್ಲ, ನಿನ್ನೆ ಇದ್ದಷ್ಟೇ ಇತ್ತು. ಡಬ್ಬದಲ್ಲಿ ಎರಡು ಕ್ಲಿಪ್ಪು ಕಡಿಮೆಯಾಗಿದ್ದವು. ಕೆಳಗೆ ಮೇಷ್ಟ್ರು ಬಗ್ಗಿ ಅವನ್ನು ಎತ್ತಿ, ಧೂಳು ಊದಿ, ಜೇಬಿಗೆ ಹಾಕಿಕೊಳ್ಳುತ್ತಿದ್ದರು.

“ವಾರದ ಕೊನೆಗೆ ಹಾಲು ಸ್ವಲ್ಪ ಹೆಚ್ಚು ತಗೊಂಡಿರ್ಬೇಕು,” ಎಂದು ಅತ್ತೆ ಒಳಗೆ ಹೋದರು.