ಸುನಂದಾಬಾಯಿಯ ಚುಕ್ಕೆ ಎಲ್ಲಿಡಲಿ?

೧
ಎಲ್ಲಿಂದ ಶುರುಮಾಡಲಿ? ಕೆಮ್ಮಿನಿಂದ ಶುರುಮಾಡಿ ಮೂರು ಸಲ ಹರಿದೆ. ಟಿ.ಬಿ. ಕಥೆ ಕೆಮ್ಮಿನಿಂದಲೇ ಶುರುವಾಗಬೇಕೆಂದು ಕಾನೂನಿದೆಯೇ? ನಕ್ಷೆಯಿಂದ ಶುರುಮಾಡುತ್ತೇನೆ.

ಮಿರಜ ತಾಲೂಕಿನ ನಕ್ಷೆ. ಆರೋಗ್ಯ ಕಾರ್ಯಕರ್ತೆ ಅನುಜಾ ಒಬ್ಬೊಬ್ಬ ರೋಗಿಗೆ ಒಂದೊಂದು ಕೆಂಪು ಚುಕ್ಕೆ ಇಡುತ್ತಾಳೆ. ಚುಕ್ಕೆ ಬಿದ್ದ ಮನೆಗೆ ಹೋಗಿ ಎಲ್ಲರನ್ನೂ ತಪಾಸಣೆ ಮಾಡುತ್ತಾರೆ. ಗಡಿಯ ಕಡೆಯ ಒಂದು ಊರಿನಲ್ಲಿ ಒಂದೂ ಚುಕ್ಕೆ ಇಲ್ಲ. ಅದಕ್ಕೆ ಕ್ಷಯಮುಕ್ತ ಗ್ರಾಮವೆಂಬ ಫಲಕ ಕೊಡಲು ಹೊರಟಿದ್ದಾರೆ.

(ಊರಿನ ಹೆಸರೇ? ತಡೆಯಿರಿ.)

೨
ಆ ಊರಿನ ಸುನಂದಾಬಾಯಿಗೆ ಟಿ.ಬಿ. ಇದೆ. ನಾನೇ ತಂದಿಟ್ಟದ್ದು, ಲೇಖಕನಿಗೆ ಅಷ್ಟು ಅಧಿಕಾರವಿದೆ. ಆದರೆ ಮಿರಜಿನ ಆಸ್ಪತ್ರೆಯಲ್ಲಿ ವಿಳಾಸ ಕೇಳಿದಾಗ ಅವಳು ನನ್ನನ್ನೊಂದು ಮಾತು ಕೇಳದೆ ಅಲ್ಲೇ ಇರುವ ತನ್ನ ತಮ್ಮ ಗುರುಸಿದ್ಧಪ್ಪನ ಮನೆ ಬರೆಸಿಬಿಟ್ಟಳು. ಚುಕ್ಕೆ ಅಲ್ಲಿ ಬಿತ್ತು. ತಮ್ಮನ ಮನೆಯವರ ತಪಾಸಣೆಯಾಯಿತು; ಎಲ್ಲರೂ ಗಟ್ಟಿಮುಟ್ಟು. ಊರಲ್ಲಿ ಅಜ್ಜಿಯ ಮಗ್ಗುಲಲ್ಲೇ ಮಲಗುವ ಏಳು ವರ್ಷದ ಮೊಮ್ಮಗಳು ಪ್ರಣಿತಾಳಿಗೆ ತಿಂಗಳಿನಿಂದ ಕೆಮ್ಮು. ಅವಳನ್ನು ಯಾರೂ ನೋಡಿಲ್ಲ.

(ಕೊನೆಗೂ ಕೆಮ್ಮು ಬಂತು. ಕ್ಷಮಿಸಿ.)

೩
"ಖರೇ ಪತ್ತಾ ಹೇಳಬೇಕಿತ್ತಲ್ರಿ, ಮಾವಶಿ," ಎಂದೆ.

"ಎರಡು ಎಮ್ಮಿ ಅದಾವ. ಮನಿಮನಿಗೆ ಹಾಲು ಹಾಕತೇನಿ. ಗೊತ್ತಾದ್ರ ಯಾರು ತಗೋತಾರ? ನೀವು ತಗೋತೀರೇನು?"

ಅವಳ ರೋಗ ಹರಡುವುದು ಗಾಳಿಯಿಂದ, ಅವಳು ಹಾಕುವ ಹಾಲಿನಿಂದಲ್ಲ. ಅದು ನನಗೆ ಗೊತ್ತು. ಆದರೂ ‘ತಗೋತೇನಿ’ ಎನ್ನದೆ ಮಾತು ಹೊರಳಿಸಿದೆ. ಈಗ ನಾಚಿಕೆಯಾಗುತ್ತಿದೆ.

"ಹುಡುಗಿ ಕೆಮ್ಮಾಕತ್ತಾಳಲ್ರಿ."

"ಆ ಕೆಮ್ಮು ನೀವ ಬರದದ್ದು. ನೀವ ಅಳಸ್ರಿ."

೪
ಅಳಿಸಿ ನೋಡಿದೆ. ಹುಡುಗಿ ನಗುತ್ತಾಳೆ, ಫಲಕ ಏರುತ್ತದೆ, ಪೇಢೆ ಹಂಚುತ್ತಾರೆ. ಸರಕಾರಿ ವರದಿಯಂತಿತ್ತು, ಹರಿದೆ. ಇನ್ನೊಂದು ಅಂತ್ಯದಲ್ಲಿ ಪ್ರಣಿತಾ... ಇಲ್ಲ, ಅದನ್ನು ಬರೆಯಲು ಕೈ ಏಳಲಿಲ್ಲ.

೬
(ಐದನ್ನೂ ಹರಿದಿದ್ದೇನೆ.)

ಅನುಜಾ ಸ್ಕೂಟಿ ನಿಲ್ಲಿಸಿಕೊಂಡು ನನ್ನನ್ನೇ ಕಾಯುತ್ತಿದ್ದಾಳೆ. "ಸರ್, ಮಿರಜದ ಮನ್ಯಾಗ ಆ ಮಾವಶಿ ಇರಂಗಿಲ್ಲಂತ. ಆಕಿ ಊರು ಯಾವುದ್ರಿ? ಆರಗೋ, ಸಲಗರೆಯೋ? ಸಾಂಗಾ ನಾ, ಹೇಳ್ರಿ!"

ಸುನಂದಾಬಾಯಿ ಒಂದು ಸಲ ಮುಚ್ಚಿಟ್ಟಳು. 'ಒಂದು ಊರು' ಎನ್ನುತ್ತ ಕಥೆಯುದ್ದಕ್ಕೂ ಮುಚ್ಚಿಟ್ಟವನು ನಾನು. ಕಥೆಯೊಳಗೆ ಹುಡುಗಿ ಮತ್ತೆ ಕೆಮ್ಮಿದಳು. ಇದನ್ನು ನಾನು ಬರೆದಿರಲಿಲ್ಲ.

ಅಜ್ಜಿ ಹುಡುಗಿಯ ಬೆನ್ನು ಸವರಿದಳು. "ಹೇಳ್ರಿ ಆಕಿಗೆ," ಎಂದಳು ಆಮೇಲೆ. "ಆದರ ಎಮ್ಮಿ ಸುದ್ದಿ ತಗದುಬಿಡ್ರಿ."

ಅನುಜಾಳಿಗೆ ಹೇಳಿದೆ. ನಿಮಗೆ ಹೇಳುವುದಿಲ್ಲ. ಪ್ರಣಿತಾಳ ತಪಾಸಣೆಯ ಫಲಿತಾಂಶ ಬಂದಿಲ್ಲ. ನಾನೂ ಮುಂದಾಗಿ ಬರೆಯುವುದಿಲ್ಲ. ಎಮ್ಮೆಗಳ ಸುದ್ದಿಯನ್ನಂತೂ ನೀವು ಆಗಲೇ ಓದಿಬಿಟ್ಟಿದ್ದೀರಿ. ನಾಳೆ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಒಬ್ಬ ಮುದುಕಿ ನಿಮ್ಮ ಬಾಗಿಲು ಬಡಿದರೆ, ಪಾತ್ರೆ ತರುತ್ತೀರಾ?