ಅಣ್ಣನ ಮೂಗು

ಫೆಬ್ರವರಿಯಲ್ಲಿ ಬಂದ ಜ್ವರ ಹೋಗುವಾಗ ಇರ್ಮಾಳ ಮೂಗನ್ನೂ ಜೊತೆಗೆ ಕೊಂಡುಹೋಯಿತು. ಅದು ಗೊತ್ತಾದದ್ದು ಅಡುಗೆಮನೆಯಲ್ಲಿ. ಹೊಗೆ ಕಣ್ಣಿಗೆ ಬಿದ್ದು ಓಡಿ ಬಂದು ನೋಡಿದರೆ ಒಲೆಯ ಮೇಲಿನ ಹಾಲು ಸೀದು ಪಾತ್ರೆ ಕರಿಕಲಾಗಿತ್ತು. ವಾಸನೆ ಮಾತ್ರ ಇಲ್ಲ. ಕಾಫಿ ಡಬ್ಬಿ ತೆರೆದು ಮೂಸಿದಳು. ಈರುಳ್ಳಿ ಹೆಚ್ಚಿ ಮೂಸಿದಳು. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ. "ವಾಪಸು ಬಂದರೂ ಬರಬಹುದು, ಬರದೆಯೂ ಇರಬಹುದು" ಎಂದರು ಡಾಕ್ಟರು.

ಬೇರೆಯವರಾಗಿದ್ದರೆ ಹೇಗೋ ಸುಧಾರಿಸಿಕೊಳ್ಳುತ್ತಿದ್ದರು. ಇರ್ಮಾ ವೈನ್ ಮಾಡುವವಳು. ಮೊಸೆಲ್ ನದಿ ಬಳಸಿ ಹರಿಯುವ ಕಾಗೆಬಂಡೆ ಎಂಬ ಗುಡ್ಡದ ಕಡಿದಾದ ಮೈಮೇಲೆ, ಸ್ಲೇಟುಕಲ್ಲಿನ ಚೂರುಗಳ ನಡುವೆ ಬೆಳೆಯುವ ರೀಸ್ಲಿಂಗ್ ದ್ರಾಕ್ಷಿಯಿಂದ ಸಿಹಿಯ ಸೋಂಕಿಲ್ಲದ ಬಿಳಿ ವೈನ್ ಮಾಡುತ್ತಿದ್ದಳು. ಹೋದ ಸುಗ್ಗಿಯ ಪೀಪಾಯಿಗಳು ನೆಲಮಾಳಿಗೆಯಲ್ಲಿ ಕಾಯುತ್ತಿದ್ದವು. ಯಾವುದನ್ನು ಯಾವಾಗ ತಳದ ಗಸಿಯಿಂದ ಬಸಿಯಬೇಕು, ಯಾವಾಗ ಬಾಟಲಿಗೆ ತುಂಬಬೇಕು ಎಂಬುದನ್ನೆಲ್ಲ ಅವಳು ತೀರ್ಮಾನಿಸುತ್ತಿದ್ದದ್ದು ಮೂಗಿನಿಂದ. ಈಗ ನಾಲಿಗೆಗೆ ಹುಳಿ ತಿಳಿಯುತ್ತಿತ್ತು, ಅಷ್ಟೆ. ಸಕ್ಕರೆ ಎಷ್ಟಿದೆ, ಹುಳಿ ಎಷ್ಟಿದೆ ಎಂದು ಪ್ರಯೋಗಾಲಯದವರು ಹೇಳುತ್ತಿದ್ದರು. ವೈನ್ ಹೇಗಿದೆ ಎಂದು ಹೇಳುವವರು ಬೇಕಿತ್ತು.

ಅವಳು ನಂಬುವಂಥ ಮೂಗು ಊರಿನಲ್ಲಿ ಒಂದೇ ಇತ್ತು: ಅಣ್ಣ ಹೈನರನದು. ಅವನೊಡನೆ ಮಾತು ಬಿಟ್ಟು ಇಪ್ಪತ್ತು ವರ್ಷ ಕಳೆದಿತ್ತು.

ಅಪ್ಪ ಜೀವಮಾನವಿಡೀ ಸಿಹಿ ವೈನ್ ಮಾಡಿದವರು. ಅವರು ತೀರಿಕೊಂಡ ವರ್ಷವೇ ಇರ್ಮಾ, ರಸದೊಳಗಿನ ಸಕ್ಕರೆ ಪೂರ್ತಿ ಮುಗಿಯುವ ತನಕ ಹುದುಗಲು ಬಿಡುತ್ತೇನೆ ಎಂದಳು. "ಅಪ್ಪನ ಹೆಸರಲ್ಲಿ ವಿನಿಗರ್ ಮಾರ್ತೀಯೇನೇ?" ಎಂದು ಹೈನರ್ ಈಸ್ಟರ್ ಊಟದ ಮುಂದೆಯೇ ಕೂಗಾಡಿದ್ದ. "ನಿಂದು ಶರಬತ್ತು, ತಗೊಂಡು ಹೋಗಿ ಮಕ್ಕಳಿಗೆ ಕುಡಿಸು" ಎಂದು ಇವಳೂ ಬಿಟ್ಟಿರಲಿಲ್ಲ. ನದಿ ದಂಡೆಯ ಮಟ್ಟಸ ನೆಲ ಅವನ ಪಾಲಿಗಾಯಿತು. ಮೊಣಕಾಲೂರಿ ಹತ್ತಬೇಕಾದ ಬಂಡೆ ಇವಳ ಪಾಲಿಗೆ. ಆಮೇಲೆ ಚರ್ಚಿನ ಬಾಗಿಲಲ್ಲಿ ಎದುರಾದರೆ ತಲೆಯಾಡಿಸುವುದಷ್ಟೇ ಬಳಕೆ.

ಮಾರ್ಚಿನ ಒಂದು ಬೆಳಿಗ್ಗೆ ಅವಳು ಅವನ ಮನೆಯ ಬಾಗಿಲು ತಟ್ಟಿದಳು. ಬಾಗಿಲು ತೆರೆದ ಅತ್ತಿಗೆ ರೋಸ್ವಿತಾ ಪಕ್ಕಕ್ಕೆ ಸರಿದಳು. ಹೈನರ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಕೂತಿದ್ದ.

"ಯಾರು ಸತ್ರು?" ಎಂದ.

"ಯಾರೂ ಸತ್ತಿಲ್ಲ. ನನ್ನ ಮೂಗು ಸತ್ತಿದೆ."

ಅವಳು ಎಲ್ಲ ಹೇಳಿದಳು. ಅವನು ನಗುತ್ತಾನೆ ಎಂದುಕೊಂಡಿದ್ದಳು, ನಗಲಿಲ್ಲ. ಚಾಕು ಕೆಳಗಿಟ್ಟ.

"ಬೇರೆ ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ."

"ಗೊತ್ತಾಗೋದೂ ಬೇಡ. ರೋಸ್ವಿತಾ, ಕೇಳಿಸ್ತಾ?"

"ನಿಮ್ಮ ತಂಗಿ ಹೆಸರನ್ನೇ ಎತ್ತಬಾರದು ಅಂತಿದ್ರಲ್ಲ, ನಾನು ಯಾರ ಹತ್ರ ಹೇಳ್ಲಿ?" ಎಂದು ರೋಸ್ವಿತಾ ಇನ್ನೊಂದು ತಟ್ಟೆ ತಂದಿಟ್ಟಳು.

ಮಧ್ಯಾಹ್ನ ಅಣ್ಣತಂಗಿ ಇಬ್ಬರೂ ನೆಲಮಾಳಿಗೆಗೆ ಇಳಿದರು. ಮೊದಲ ಪೀಪಾಯಿಯಿಂದ ಎಳೆದುಕೊಟ್ಟ ವೈನನ್ನು ಹೈನರ್ ಗ್ಲಾಸಿನಲ್ಲಿ ತಿರುಗಿಸಿ ಮೂಸಿದ.

"ಏನು ವಾಸನೆ?"

"ವೈನಿನ ವಾಸನೆ."

"ಥೂ, ಸರಿಯಾಗಿ ಹೇಳೋ ಅಣ್ಣ!"

ಹೈನರನಿಗೆ ಮಾತು ಸುಲಭವಲ್ಲ. ಅವನು ಕಣ್ಣು ಮುಚ್ಚಿ ಮತ್ತೆ ಮೂಸಿದ. "ಹಸಿರು ಸೇಬು. ಸಿಪ್ಪೆ ಸಮೇತ. ಆಮೇಲೆ... ಬೇಸಿಗೇಲಿ ನಾಲ್ಕು ಹನಿ ಬಿದ್ದ ಕೂಡ್ಲೆ ಬಿಸಿ ಕಲ್ಲಿಂದ ಏಳುತ್ತಲ್ಲ, ಅದು." ಗ್ಲಾಸನ್ನು ಕೆಳಗಿಳಿಸಿ, "ಆ ಬಂಡೆ ಹತ್ತಿ ಎಷ್ಟು ಕಾಲ ಆಯ್ತು ನಾನು" ಎಂದ.

ಗೋಡೆ ಪಕ್ಕದ ಪೀಪಾಯಿಗೆ ಬಂದಾಗ ಅವನು ಮುಖ ಕಿವುಚಿದ. "ಇದು ಕೆಟ್ಟಿದೆ ಕಣೇ. ಚೆಲ್ಲಿಬಿಡು."

ಇರ್ಮಾ ಪೀಪಾಯಿಯ ಮೇಲೆ ಕೈಯಿಟ್ಟಳು. ಬಂಡೆಯ ನೆತ್ತಿಯ ಹಣ್ಣು ಅದು, ಅವಳ ಅತ್ಯುತ್ತಮ ವೈನ್. ಇಷ್ಟು ವರ್ಷದ ಸಿಟ್ಟು ಈ ಮಾತನ್ನು ಆಡಿಸುತ್ತಿದೆಯೋ? ತಾನೇ ಮೂಸಿ ನೋಡುವಂತಿಲ್ಲ. ಅವಳು ಅಣ್ಣನ ಮುಖವನ್ನೇ ದಿಟ್ಟಿಸಿದಳು. ಆಲಿಕಲ್ಲು ಬಿದ್ದ ಮಾರನೆಯ ದಿನ ಅಪ್ಪನ ಮುಖ ಹೀಗೆಯೇ ಇರುತ್ತಿತ್ತು. ಅಕ್ಕಪಕ್ಕದವರ ತೋಟ ಹಾಳಾದದ್ದಕ್ಕೂ ಅವರು ಅಷ್ಟೇ ನೊಂದುಕೊಳ್ಳುತ್ತಿದ್ದರು. ಇವನು ಸುಳ್ಳು ಹೇಳುತ್ತಿಲ್ಲ ಎಂದು ಅವಳಿಗೆ ಅನ್ನಿಸಿತು.

"ಯಾವ ಥರದ ನಾತ? ಕೊಳೆತ ಮೊಟ್ಟೇದಾ, ಗೀರಿದ ಬೆಂಕಿಕಡ್ಡೀದಾ?"

ಅವನು ಬಹಳ ಹೊತ್ತು ಮೂಸಿದ. "ಮೊಟ್ಟೆ ಅಲ್ಲ. ಬೆಂಕಿಕಡ್ಡಿ."

"ಹಾಗಾದ್ರೆ ಬದುಕಿದೆ! ಈ ಪೀಪಾಯಿ ಪ್ರತಿ ವರ್ಷ ಹಿಂಗೇ ಆಡುತ್ತೆ. ಈಸ್ಟರ್ ಆಗಿ ಏಳು ವಾರಕ್ಕೆ, ಪೆಂತೆಕೋಸ್ತ್ ಹಬ್ಬದ ಹೊತ್ತಿಗೆ ಸರಿಹೋಗುತ್ತೆ."

"ಅಲ್ಲೀ ತನಕ ಗಸಿ ಮೇಲೇ ಬಿಡ್ತೀಯಾ? ನಾನಾಗಿದ್ರೆ ಇವತ್ತೇ ಬಸೀತಿದ್ದೆ."

"ಅದಕ್ಕೇ ನೀನು ಶರಬತ್ತು ಮಾಡ್ತಿರೋದು."

ಮಾತು ಜಾರಿಹೋಗಿತ್ತು. ಹೈನರ್ ಅವಳನ್ನು ನೋಡಿದ. "ಜ್ವರಕ್ಕೆ ಮೂಗು ಸಿಕ್ತು, ನಾಲಿಗೆ ಸಿಗ್ಲಿಲ್ಲ ನೋಡು" ಎಂದು ನಕ್ಕುಬಿಟ್ಟ.

ಅಂದಿನಿಂದ ಶನಿವಾರಗಳಂದು ಅವನು ಬರತೊಡಗಿದ. ಅವನು ಮೂಸುವನು, ಇವಳು ಕೇಳುವಳು. ಅವನ ಮೂಗಿಗೆ ಸಿಕ್ಕಿದ್ದನ್ನು ಇವಳು ಹಿಂದಿನ ವರ್ಷಗಳ ನೆನಪಿಗೆ ಹಚ್ಚಿ ನೋಡುವಳು. ಎಷ್ಟೋ ಸಲ ಜಗಳವಾಯಿತು. ಒಮ್ಮೆ ಅವನು ಗ್ಲಾಸು ಕುಕ್ಕಿ ಎದ್ದು ಹೋದ. ಮುಂದಿನ ವಾರ ಮತ್ತೆ ಬಂದ.

ಪೆಂತೆಕೋಸ್ತ್ ಕಳೆದು, ಗೋಡೆ ಪಕ್ಕದ ಪೀಪಾಯಿಯ ವೈನನ್ನು ಅವನು ಮೂಸಿದ, ಕುಡಿದ, ಗ್ಲಾಸನ್ನು ಬೆಳಕಿಗೆ ಹಿಡಿದ. "ನಾತ ಹೋಗಿದೆ."

"ಚೆನ್ನಾಗಿದೆಯಾ?"

"ನನಗೆ ಹಿಡಿಸಲ್ಲ." ಅವನು ಇನ್ನೊಂದು ಗುಟುಕು ಕುಡಿದ. "ಆದ್ರೆ ಚೆನ್ನಾಗಿದೆ. ಅಪ್ಪನದಕ್ಕಿಂತ ಚೆನ್ನಾಗಿದೆ ಕಣೇ."

ಇರ್ಮಾ ತಾನೂ ಒಂದು ಗುಟುಕು ಕುಡಿದಳು. ತಣ್ಣಗಿತ್ತು, ಹುಳಿಯಿತ್ತು, ಬೇರೇನೂ ತಿಳಿಯಲಿಲ್ಲ. ಪೀಪಾಯಿಗೆ ಬೆನ್ನು ಕೊಟ್ಟು ಕೂತು ಸ್ವಲ್ಪ ಹೊತ್ತು ಅತ್ತಳು. ಹೈನರ್ ಪಕ್ಕದಲ್ಲಿ ಕೂತ.

ಅವನ ಮಾತಿನ ಮೇಲೆ ಆ ವೈನನ್ನು ಬಾಟಲಿಗೆ ತುಂಬಿದಳು. ಬೇಸಿಗೆಯಲ್ಲಿ ಕೊಳ್ಳಲು ಬಂದವರೆಲ್ಲ ಹೊಗಳಿದರು. ಅದರಲ್ಲಿ ನಿಜವೆಷ್ಟು, ದಾಕ್ಷಿಣ್ಯವೆಷ್ಟು ಎಂದು ಅಳೆಯುವ ಗೊಡವೆಗೆ ಅವಳು ಹೋಗಲಿಲ್ಲ. ಮೂಗು ಆ ವರ್ಷ ಮರಳಲಿಲ್ಲ.

ಅಕ್ಟೋಬರಿನಲ್ಲಿ ಹೈನರ್ ಏದುಸಿರು ಬಿಡುತ್ತ ಅವಳ ಹಿಂದೆ ಕಾಗೆಬಂಡೆ ಹತ್ತಿದ. ಕೆಳಗೆ ನದಿಯ ಮೇಲೆ ಇನ್ನೂ ಮಂಜಿತ್ತು. ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು, ಬೀಜವನ್ನು ಕಡಿದು ನೋಡಿ ಉಗಿದ.

"ಇನ್ನೊಂದು ವಾರ ಬಿಡು."

"ಯಾಕೆ, ಸಿಹಿ ಬರ್ಲಿ ಅಂತಲಾ?"

"ಅಲ್ವೇ ಪೆದ್ದಿ, ಹುಳಿ ಹದಕ್ಕೆ ಬರ್ಲಿ ಅಂತ" ಎಂದು ಅವನು ಮುಂದಿನ ಸಾಲಿನತ್ತ ಹೊರಟ.